ನಾಲ್ಕನೆಯ ಹಾಳೆ

ಗಂಡ: ಇಂಥವನನ್ನ ಜನ ಮರೆತುಬಿಟ್ಟರಲ್ಲ, ಅದು ಅನ್ಯಾಯ ಕಣೇ!

ಹೆಂಡತಿ: ಮರೆತವರು ಪುಣ್ಯವಂತರು. ಆರು ತಿಂಗಳಿಂದ ಪ್ರತಿ ಭಾನುವಾರ ಕೇಳ್ತಿರೋಳು ನಾನು.

ಅಂದು ಸಂಜೆಯೇ ಕಛೇರಿ. ಯುರೋಪಿನ ರಮ್ಯ ಯುಗದ, ಯಾರೂ ನೆನೆಯದ ಒಬ್ಬ ಸಂಗೀತಗಾರ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊಗೆಂದು ಬರೆದ ಕೃತಿ. ಗಂಡನದು ಮೊದಲ ಪಿಟೀಲು. ಅಲ್ಲೇ ಕೂತಿದ್ದ ಹೆಂಡತಿಯ ತಮ್ಮನದು ಚೆಲ್ಲೊ. ಹೆಂಡತಿ ಊಟದ ಮೇಜಿನ ಮೇಲೆ ನಾಲ್ವರ ಸ್ವರದ ಹಾಳೆಗಳನ್ನೂ ಹರಡಿಕೊಂಡು ರಟ್ಟು ಹೊಲಿಯುತ್ತಿದ್ದಳು.

ಹೆಂಡತಿ: ನೀವು ಮೂವರು ಒಂದು ದಿಕ್ಕು, ನನ್ನ ತಮ್ಮನೊಬ್ಬ ಒಂದು ದಿಕ್ಕು. ಭಾನುವಾರ ಬಂದರೆ ಬೆಕ್ಕು ಕೂಡ ಮನೇಲಿ ನಿಲ್ಲಲ್ಲ.

ಗಂಡ: ಅದೇ ಆ ಸಂಗೀತಗಾರನ ಹೆಚ್ಚುಗಾರಿಕೆ! ಕಾಲಕ್ಕಿಂತ ಮುಂದಿದ್ದ ಮನುಷ್ಯ. ಇವತ್ತಿನ ಭಾಷಣದಲ್ಲಿ ಮೂರು ಪುಟ ಅದೇ ಬರೆದಿದ್ದೀನಿ.

ತಮ್ಮ: ಕೊನೇಲಿ ನಾನೊಬ್ಬನೇ ಎರಡು ನಿಮಿಷ ಮೊದಲೇ ಮುಗಿಸಿ ಸುಮ್ಮನೆ ಕೂತಿರ್ತೀನಲ್ಲ ಭಾವ?

ಗಂಡ: ಅದು ಮೌನ ಕಣೋ! ಆ ಜಾಗದಲ್ಲಿ ನನಗೆ ಕಣ್ಣೀರು ಬರುತ್ತೆ.

ಹೆಂಡತಿ: ನನಗೂ ಬರುತ್ತೆ. ಮಿಕ್ಕ ಮೂವರು ಇನ್ನೂ ಮುಗಿಸಿಲ್ಲವಲ್ಲ ಅಂತ.

ಅವಳ ಸೂಜಿ ತಟ್ಟನೆ ನಿಂತಿತು.

ಹೆಂಡತಿ: ರೀ, ಈ ಮೂರು ಹಾಳೆ ಮೇಲೆ 'ಎರಡನೆಯ ಕೃತಿ' ಅಂತಿದೆ. ಇವನದರ ಮೇಲೆ 'ಮೂರನೆಯ ಕೃತಿ' ಅಂತಿದೆಯಲ್ರೀ!

ಗಂಡ ಕನ್ನಡಕ ಏರಿಸಿ ನೋಡಿದ. ಒರೆಸಿ ಮತ್ತೆ ನೋಡಿದ.

ಗಂಡ: ಅಯ್ಯೋ ಕತ್ತೆ! ಆರು ತಿಂಗಳು ಬೇರೆ ಕೃತಿ ಬಾರಿಸ್ತಿದ್ದೆಯೇನೋ?

ತಮ್ಮ: ಹಾಳೆ ಹಂಚಿದ್ದು ನೀವು! ಹೊಂದಿಕೆ ಆಗ್ತಿಲ್ಲ ಭಾವ ಅಂದರೆ, 'ನಿನಗೆ ಕಿವಿ ಇಲ್ಲ' ಅಂದ್ರಿ.

ಗಂಡ ತಂದಿಟ್ಟಿದ್ದ ಸ್ವರದ ಹಾಳೆಗಳ ಕಟ್ಟಿನ ತಳದಲ್ಲಿ ಸರಿಯಾದ ಹಾಳೆ ಸಿಕ್ಕಿತು. ಭಾವ, ಭಾವಮೈದುನ ಇಬ್ಬರೇ ಕುಳಿತು ಮೊದಲ ಭಾಗ ನುಡಿಸಿದರು. ಎಲ್ಲವೂ ಅಚ್ಚುಕಟ್ಟಾಗಿ ಕೂಡಿಬಂತು. ಎಲ್ಲಿಯೂ ಒಂದು ಕೊಂಕಿಲ್ಲ, ಒಂದು ಅಚ್ಚರಿಯೂ ಇಲ್ಲ. ತಮ್ಮ ಕಮಾನು ಹಿಡಿದೇ ಆಕಳಿಸಿದ. ಬೆಕ್ಕು ಬಂದು ಕುರ್ಚಿಯಡಿ ಮಲಗಿತು.

ಹೆಂಡತಿ: ಜನ ಯಾಕೆ ಮರೆತರು ಅಂತ ಈಗ ಗೊತ್ತಾಯ್ತು ಬಿಡಿ.

ಗಂಡ ಆ ಹಾಳೆಯನ್ನು ಮೆಲ್ಲಗೆ ಕಟ್ಟಿನ ತಳಕ್ಕೇ ತಳ್ಳಿದ.

ಗಂಡ: ಹಳೇದಕ್ಕೇ ರಟ್ಟು ಹಾಕು. 'ಮೂರನೆಯ' ಅನ್ನೋದು ಕಾಣಬಾರದು, ಅಷ್ಟೆ.

ಹೆಂಡತಿ: ಭಾಷಣ?

ಗಂಡ: ಅದೂ ಹಾಗೇ ಇರಲಿ.

ಹೆಂಡತಿ: ಹೆಸರೊಂದು ತಿದ್ದಿಕೊಳ್ಳಿ. ಕಾಲಕ್ಕಿಂತ ಮುಂದಿದ್ದೋನು ಅವನಲ್ಲ, ನನ್ನ ತಮ್ಮ.