ಹದಿನಾರನೆಯ ದಿನ ಯಾವುದು?

ನನಗೆ ಎಣಿಸಲು ಬರುತ್ತದೆ ಎಂದು ಮೂವತ್ತೆರಡು ವರ್ಷ ನಂಬಿಕೊಂಡಿದ್ದೆ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಂಬದೆ ಇನ್ನೇನು ಮಾಡಬೇಕು? ಆ ನಂಬಿಕೆಯನ್ನು ಹತ್ತು ಪುಟ್ಟ ಮಾತ್ರೆಗಳು ಕೆಡಿಸಿಬಿಟ್ಟವು. ಮದುವೆಯಾಗಿ ಐದು ವರ್ಷವಾದರೂ ಮಗುವಾಗಲಿಲ್ಲವೆಂದು ಚಿತ್ರದುರ್ಗದ ಡಾಕ್ಟರಮ್ಮನ ಬಳಿ ಹೋಗಿದ್ದೆ. ತಿಂಗಳ ಚಕ್ರದ ಕೊನೆಯ ಅರ್ಧಕ್ಕೆ ಬೇಕಾದ ಹಾರ್ಮೋನು ನನ್ನಲ್ಲಿ ಕಡಿಮೆಯಂತೆ. ಹದಿನಾರನೆಯ ದಿನದಿಂದ ಇಪ್ಪತ್ತೈದರವರೆಗೆ ದಿನಕ್ಕೊಂದು ಮಾತ್ರೆ, ಮೂರು ತಿಂಗಳು, ಎಂದು ಚೀಟಿ ಬರೆದು, ಲೆಕ್ಕ ಅರ್ಥವಾಯಿತೇ ಎಂದು ಬೇರೆ ಕೇಳಿದರು. ಗಣಿತದ ಟೀಚರಿಗೆ ಕೇಳುವ ಮಾತೇ ಇದು! ಸಿಟ್ಟಿನಲ್ಲೇ ತಲೆಯಾಡಿಸಿ ಬಂದೆ.

ಮನೆಯಲ್ಲಿ ಕ್ಯಾಲೆಂಡರ್ ಮುಂದೆ ನಿಂತಾಗ ತಲೆ ಕೆಟ್ಟುಹೋಯಿತು. ಹದಿನಾರೇನೋ ಸರಿ, ಒಂದು ಯಾವುದು? ನಮ್ಮ ಕಡೆ ಹೆಂಗಸರು ದಿನ ಎಣಿಸುವುದೇ ಮುಟ್ಟಿನ ನಾಲ್ಕು ದಿನ ಕಳೆದು ತಲೆಗೆ ನೀರು ಹಾಕಿಕೊಂಡ ಮೇಲೆ. ಹಿರೇಗುಂಟನೂರಿನ ನಮ್ಮಮ್ಮ, ಅಕ್ಕಂದಿರು ಎಲ್ಲರೂ ಹಾಗೇ ಎಣಿಸಿ ಹೆತ್ತವರು. ಡಾಕ್ಟರಮ್ಮನಿಗೆ ಫೋನ್ ಮಾಡಬಹುದಿತ್ತು, ಜಂಬ ಬಿಡಲಿಲ್ಲ. ನೀರು ಹಾಕಿಕೊಂಡ ದಿನಕ್ಕೇ ಒಂದು ಎಂದು ಬರೆದೆ.

ಆ ತಿಂಗಳು ಮುಟ್ಟು ನಾಲ್ಕು ದಿನ ತಡವಾಯಿತು. ನಮ್ಮತ್ತೆ ಏನೂ ಕೇಳದೆ ಹೋಳಿಗೆ ಮಾಡಿದರು. ಹೋಳಿಗೆ ಮುಗಿಯುವ ಮೊದಲೇ ಮುಟ್ಟಾದೆ. ಎರಡನೆಯ ತಿಂಗಳೂ ಹಾಗೇ. ಮೂರನೆಯ ತಿಂಗಳು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನನ್ನ ಲೆಕ್ಕ ನೋಡಿ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಮುಟ್ಟು ಕಂಡ ದಿನವೇ ಒಂದನೆಯ ದಿನವಂತೆ. ತಡವಾಗಿ ನುಂಗಿದ ಮಾತ್ರೆಯೇ ಮುಟ್ಟನ್ನೂ ಮುಂದಕ್ಕೆ ತಳ್ಳಿತ್ತಂತೆ. ಇನ್ನು ಮತ್ತೆ ಮೊದಲಿನಿಂದ ಮೂರು ತಿಂಗಳು ಎಂದರು.

ಮನೆಗೆ ಬಂದವಳೇ ತಪ್ಪನ್ನೆಲ್ಲ ಹಳೆಯ ಕಾಲದವರ ಮಡಿ ಮೈಲಿಗೆಯ ಮೇಲೆ ಹಾಕಿ, ಅತ್ತೆಗೆ ಕೇಳುವಂತೆ ಕೂಗಾಡಿದೆ. ಅವರು ಸೊಪ್ಪು ಬಿಡಿಸುತ್ತಲೇ ಹೇಳಿದರು:

"ನಾನು ಯಾವತ್ತಾರ ನಿನ್ನ ಹೊರಗೆ ಕೂರ್ಸಿದೀನೇನವ್ವ? ಕ್ಯಾಲೆಂಡ್ರು ನಿನ್ ರೂಮ್ನಾಗೇ ಐತೆ. ಲೆಕ್ಕಕ್ಕೆ ಆ ನಾಕು ದಿನ ಬ್ಯಾಡ ಅಂದೋಳು ನೀನೇ."

ಮುಟ್ಟಿನಲ್ಲಿ ಮೈಲಿಗೆಯಿಲ್ಲ, ಅವೂ ಎಲ್ಲ ದಿನಗಳಂಥ ದಿನಗಳೇ ಎಂದು ಪ್ರತಿ ವರ್ಷ ಎಂಟನೆಯ ತರಗತಿಯ ಹುಡುಗಿಯರಿಗೆ ಭಾಷಣ ಮಾಡುವವಳು ನಾನೇ. ಈ ವರ್ಷದ್ದು ಬರುವ ಬುಧವಾರ ಇದೆ. ಈ ಸಲ ಬೇರೆ ಯಾರಾದರೂ ಮಾತಾಡಿದರೆ, ಮುಂದಿನ ಬೆಂಚಿನಲ್ಲಿ ಹುಡುಗಿಯರ ಜೊತೆ ಕೂತು ಕೇಳಿಸಿಕೊಳ್ಳೋಣ ಎಂದುಕೊಂಡಿದ್ದೇನೆ.