ಪ್ರಾರ್ಥನೆಯ ಹೊತ್ತಿನ ರಿಪೇರಿ

ಸುಮ್ಮನೆ ನಡೆಯುತ್ತಿರುವ ಯಂತ್ರಕ್ಕೆ ಕೈ ಹಚ್ಚಬಾರದು ಎಂದು ಯಾರಾದರೂ ನೆಹೆಮಿಯಾ ಮಾಸ್ತರರಿಗೆ ಹೇಳಬೇಕಿತ್ತು. ಹೇಳಿದ್ದರು ಕೂಡ, ಅವರ ಹೆಂಡತಿ ಹನ್ನಾ. ಆದರೆ ಹೆಂಡತಿಯ ಮಾತು ಲೆಕ್ಕಕ್ಕೆ ಬರುತ್ತದೆಯೇ? (ಬರುತ್ತದೆ. ಕೆಟ್ಟ ಮೇಲೆ.)

ಅಂದು ಸಂಜೆ ವಿದ್ಯಾನಗರದ ಅವರ ಮನೆಯಲ್ಲಿ ಚರ್ಚಿನ ಮಹಿಳಾ ಸಂಘದವರು ಸೇರುವವರಿದ್ದರು. ಈಸ್ಟರ್ ದಿನ ತಾವು ಹಾಡಿದ ಹಾಡನ್ನು ಟಿವಿಯಲ್ಲಿ ತಾವೇ ನೋಡಿ ಧನ್ಯರಾಗುವುದು ಕಾರ್ಯಕ್ರಮ. ಟಿವಿಗೆ ಜೋಡಿಸಿದ ಕಂಪ್ಯೂಟರಿಗೆ ಮಾಸ್ತರರು ಅದನ್ನು ನಡೆಸುವ ಪುಕ್ಕಟೆ ತಂತ್ರಾಂಶ ಲಿನಕ್ಸ್ ಹಾಕಿಕೊಂಡಿದ್ದರು. ವೈರಸ್ಸಿನ ಕಾಟವಿಲ್ಲ, ಯಾರ ಹಂಗೂ ಇಲ್ಲ ಎಂದು ಬಂದವರಿಗೆಲ್ಲ ಅದರ ಸುವಾರ್ತೆ ಸಾರುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ, ಚಿತ್ರ ಇನ್ನಷ್ಟು ಚಂದ ಕಾಣಲಿ ಎಂದು ಅಪ್‌ಡೇಟ್ ಒತ್ತಿದರು.

ಕಂಪ್ಯೂಟರ್ ಮತ್ತೆ ಶುರುವಾದಾಗ ವಿಡಿಯೋ ಕೆಟ್ಟು ಕೂತಿತ್ತು. ಹಾಡು ಕೇಳುತ್ತದೆ, ಚಿತ್ರದ ತುಂಬ ಹಸಿರು ಪಟ್ಟೆ. ಪಟ್ಟೆಗಳ ನಡುವೆ ಟಿವಿಯೊಳಗಿನ ಹನ್ನಾ ತೆರೆದ ಬಾಯಿ ಮುಚ್ಚದೆ ನಿಂತಿದ್ದರು. ಟಿವಿಯ ಮುಂದಿದ್ದ ಹನ್ನಾ ಬಾಯಿ ತೆರೆದರು.

“ಮುಂಜಾನಿ ಛಲೋ ನಡದಿತ್ತಲ್ರಿ! ಯಾಕ ಕೈ ಹಚ್ಚಿದ್ರಿ?”

“ಅಪ್‌ಡೇಟ್ ಬಂದಿತ್ತು.”

“ಬಂದವರಿಗೆಲ್ಲಾ ಬಾಗಲಾ ತಗೀತಾರೇನ್ರಿ? ಇವತ್ತ ಇದು ನಡೀಲಿಲ್ಲಂದ್ರ ನಾಳೆ ಅಂಗಡಿಯವನ್ನ ಕರಸಿ ನಿಮ್ಮ ಲಿನಕ್ಸ್ ಕಿತ್ತಿ ಒಗಸ್ತೇನಿ, ನೋಡ್ರಿ ಮತ್ತ!”

ಮಾಸ್ತರರು ಕೀಬೋರ್ಡ್ ಎಳೆದುಕೊಂಡರು. ಚಿತ್ರ ಮೂಡಿಸುವ ಡ್ರೈವರನ್ನು ತೆಗೆದು ಮತ್ತೆ ಹಾಕಿದರು. ಪ್ಲೇಯರ್ ಬದಲಿಸಿದರು. ಇಂಟರ್ನೆಟ್ಟಿನಲ್ಲಿ ಗೋಗರೆದರು. ಯಾವನೋ ಪುಣ್ಯಾತ್ಮ, “ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಇದೆಯಲ್ಲ” ಎಂದು ಉತ್ತರಿಸಿದ. ಅವನ ಮನೆ ಹಾಳಾಗ! (ಮಾಸ್ತರರು ಕ್ರೈಸ್ತರು. ಕೂಡಲೇ ಕ್ಷಮಿಸಿದರು.)

ಅಷ್ಟರಲ್ಲಿ ರೇಷ್ಮೆ ಸೀರೆಗಳ ಸರಬರ ಸದ್ದಿನೊಂದಿಗೆ ಸಂಘ ಒಳಗೆ ಬಂತು. ಮುಂದೆ ಅಧ್ಯಕ್ಷೆ ಈವ್ಲಿನ್ ಅಕ್ಕಾರು, ನಿವೃತ್ತ ಹೆಡ್‌ಮಿಸ್ಟ್ರೆಸ್. ಹಸಿರು ಪಟ್ಟೆಗಳಲ್ಲಿ ತಮ್ಮ ಮುಖ ಹುಡುಕಿ ಸಿಗದೆ ಹುಬ್ಬು ಗಂಟಿಕ್ಕಿದರು.

“ಏನ್ರಿ ಮಾಸ್ತರ, ಪ್ರಾರ್ಥನಿ ಮಾಡಿ ನೋಡಿದ್ರೇನು?”

“ಅಕ್ಕಾರ, ಇದು ಡ್ರೈವರಿನ ತ್ರಾಸ ಐತ್ರಿ...”

“ಎಲ್ಲಾ ತ್ರಾಸಕ್ಕೂ ದೇವರು ಅದಾನ. ಕಣ್ಣ ಮುಚ್ರಿ ಎಲ್ಲಾರೂ!”

ಅಕ್ಕಾರ ಪ್ರಾರ್ಥನೆ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಹೊರಟರೆ ಕೊನೆಯ ಪುಸ್ತಕ ಪ್ರಕಟನೆ ಮುಟ್ಟದೆ ನಿಲ್ಲುವುದಲ್ಲ. ಅವರು ಹುಬ್ಬಳ್ಳಿಯ ರೋಗಿಗಳನ್ನು ಮುಗಿಸಿ ಧಾರವಾಡದ ಪರೀಕ್ಷಾರ್ಥಿಗಳಿಗೆ ಕೈ ಹಾಕಿದಾಗ ಮಾಸ್ತರರಿಗೆ ಥಟ್ಟನೆ ಹೊಳೆಯಿತು. ಹಳೇ ಕರ್ನಲ್! ಲಿನಕ್ಸಿನ ತಿರುಳೇ ಅದು. ಹೊಸದು ಕೈಕೊಟ್ಟರೆ ಹಳೆಯದರಿಂದ ಶುರು ಮಾಡಬಹುದು. ಅಯ್ಯೋ, ಇಷ್ಟು ಹೊತ್ತು ಮಣ್ಣು ತಿಂದೆನೇ? ಮೆಲ್ಲಗೆ ಕಣ್ಣು ತೆರೆದರು. ಉಸಿರು ಬಿಗಿಹಿಡಿದು ಕಂಪ್ಯೂಟರನ್ನು ಮತ್ತೆ ಶುರು ಮಾಡಿ, ಹಳೇ ಕರ್ನಲ್ ಆರಿಸಿ, ವಿಡಿಯೋ ಒತ್ತಿದರು.

“ಆಮೆನ್!” ಎಂದರು ಅಕ್ಕಾರು. ಟಿವಿಯಲ್ಲಿ ಇಡೀ ಸಂಘ ಥಳಥಳ ಹೊಳೆಯುತ್ತ ಹಾಡತೊಡಗಿತು!

“ದೇವರಿಗೆ ಸ್ತೋತ್ರ!” ಎಂದು ಹೆಂಗಸರು ಕಣ್ಣೊರೆಸಿಕೊಂಡರು.

“ಹಂಗಲ್ರಿ, ಅದು ನಾನು ಈಗ ಹಳೇ ಕರ್ನಲ್...” ಮಾಸ್ತರರು ಎದೆಯುಬ್ಬಿಸಿದರು.

“ಈಗ ಅಂದ್ರ ಯಾವಾಗ?” ಅಕ್ಕಾರ ಕನ್ನಡಕ ನಿಧಾನವಾಗಿ ಅವರತ್ತ ತಿರುಗಿತು. “ಪ್ರಾರ್ಥನಿ ನಡದಾಗ ಕಣ್ಣ ತಗದಿದ್ರೇನು?”

ಉಬ್ಬಿದ ಎದೆ ಇಳಿಯಿತು. “ಇಲ್ಲ... ಇಲ್ರಿ ಅಕ್ಕಾರ.”

“ಹಂಗಾರ ಐತವಾರ ಚರ್ಚಿನ್ಯಾಗ ನೀವ ಎದ್ದ, ಪ್ರಾರ್ಥನಿಯಿಂದ ವಿಡಿಯೋ ಸರಿ ಆತಂತ ಸಾಕ್ಷಿ ಹೇಳ್ರಿ.”

ಎಲ್ಲರೂ ಚಹಾ ಕುಡಿದು ಹೋದ ಮೇಲೆ ಹನ್ನಾ ನಗುತ್ತ ಪಿಸುಗುಟ್ಟಿದರು. “ನಾನೂ ಕಣ್ಣ ತಗದ ಇದ್ದೆ. ನೀವು ರಿಪೇರಿ ಮಾಡೂದು ನೋಡೇನಿ. ಇರಲಿ ಬಿಡ್ರಿ ನಿಮ್ಮ ಲಿನಕ್ಸ್.”

ಮಾಸ್ತರರು ಕುಣಿದಾಡಿದರು. “ಹಂಗಾರ ಅಕ್ಕಾರಿಗೆ ಹೇಳ!”

“ಹೇಳಿ? ಗಂಡಾ ಹೆಂಡತಿ ಇಬ್ಬರೂ ಕಣ್ಣ ತಗದ ಕುಂತಿದ್ರು ಅಂತ ಚರ್ಚಿನ ತುಂಬ ಮಂದಿ ಆಡಿಕೊಳ್ಳಬೇಕೇನು? ಸುಮ್ಮ ಸಾಕ್ಷಿ ಹೇಳ್ರಿ.”

ಐತವಾರ ಮಾಸ್ತರರು ಎದ್ದು ನಿಂತು, ತಮ್ಮ ವಿದ್ಯೆಯಿಂದ ಆಗದ್ದು ಈವ್ಲಿನ್ ಅಕ್ಕಾರ ಪ್ರಾರ್ಥನೆಯಿಂದ ಆಯಿತೆಂದು ಹಲ್ಲು ಕಚ್ಚಿ ಸಾಕ್ಷಿ ಹೇಳಿದರು. ಆರಾಧನೆ ಮುಗಿದ ಕೂಡಲೇ, ಕಂಪ್ಯೂಟರ್ ಕೆಟ್ಟಾಗಲೆಲ್ಲ ಮಾಸ್ತರರ ಮನೆಗೇ ಓಡಿ ಬರುತ್ತಿದ್ದ ಪಕ್ಕದ ಮನೆಯ ಡ್ಯಾನಿಯಲ್ ತನ್ನ ಕೆಟ್ಟ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದ. ಮಾಸ್ತರರು ಆಸೆಯಿಂದ ಕೈ ಚಾಚಿದರು. ಅವನು ಅವರನ್ನು ದಾಟಿ ನೆಟ್ಟಗೆ ಈವ್ಲಿನ್ ಅಕ್ಕಾರ ಹತ್ತಿರ ಹೋದ.