ಹುಟ್ಟು ಹಾಕುವವಳಿಗೆ ಮುಖ ಮಾಡಿ

ಮುದುಕಿಯರನ್ನು ಮನೆಯವರು ನೆನೆಯುವುದು ಎರಡೇ ಕೆಲಸಕ್ಕೆ. ಹಪ್ಪಳ ಕಾಯಲು, ಮತ್ತೆ ತಮಗೆ ಕೇಳಲು ಧೈರ್ಯ ಸಾಲದ ಮಾತನ್ನು ಕೇಳಿಸಲು. ನಾನು ಕಯಾಕ್ ಹತ್ತಿದ್ದು ಎರಡನೆಯದಕ್ಕೆ. ಮೊಮ್ಮಗಳು ನಯನ ಸಾಗರದಲ್ಲಿ ದನದ ಡಾಕ್ಟರು. ಗೊತ್ತಾಗಿದ್ದ ಸಂಬಂಧ ಇದ್ದಕ್ಕಿದ್ದಂತೆ ಬೇಡ ಎಂದಳು, ಕಾರಣ ಹೇಳಲಿಲ್ಲ. ಭಾನುವಾರ ಬಂತೆಂದರೆ ಕಾರಿನ ತಲೆಗೆ ಆ ಉದ್ದನೆಯ ಪ್ಲಾಸ್ಟಿಕ್ ದೋಣಿ ಕಟ್ಟಿಕೊಂಡು ನೀರು ಹುಡುಕಿ ಹೋಗುತ್ತಾಳೆ. ಒಂದು ವಾರ ಅವಳು ತೀರ್ಥಹಳ್ಳಿಯ ಮನೆಗೆ ಬಂದಿದ್ದಾಗ, ಜೊತೆಗೆ ಹೋಗಿ ಅವಳನ್ನು ಒಪ್ಪಿಸಿಕೊಂಡು ಬಾ ಎಂದು ಅವಳ ಅಮ್ಮ, ನನ್ನ ಸೊಸೆ, ನನ್ನನ್ನೂ ಆ ಕಾರು ಹತ್ತಿಸಿ ಸಾಗಹಾಕಿದಳು.

ದಾರಿಯಲ್ಲಿ ನಗರ ಎಂಬ ಊರಿನ ಕೋಟೆ ಹತ್ತಿರ ನನಗೆ ವಾಂತಿಯಾಯಿತು. ಕೋಟೆ ಚೆನ್ನಾಗಿದೆಯಂತೆ, ನಾನು ನೋಡಿದ್ದು ಅದರ ಬುಡದ ಹುಲ್ಲು ಮಾತ್ರ. ಹೊಸನಗರ ದಾಟಿ ಹೊನ್ನೆಮರಡಿನ ಹಿನ್ನೀರು ಮುಟ್ಟುವವರೆಗೂ ಹುಡುಗಿ ರಸ್ತೆ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಬಾಯಿ ಬಿಡಿಸುವುದು ಹೇಗೆ?

ದೋಣಿಯಲ್ಲಿ ನಾನು ಹಿಂದುಮುಂದಾಗಿ, ಅವಳಿಗೆ ಮುಖ ಮಾಡಿ ಕೂತೆ. ನಮ್ಮ ಕಾಲದ ದೋಣಿಯಲ್ಲಿ ಹೆಂಗಸರು ಅಂಬಿಗನಿಗೆ ಮುಖ ಮಾಡಿಯೇ ಕೂರುತ್ತಿದ್ದದ್ದು. ನೀರಿನ ಸಮಾಚಾರ ಅವನ ಮುಖದಲ್ಲಿ ಗೊತ್ತಾಗುತ್ತದೆ. “ಅಜ್ಜಿ, ಆ ಕಡೆ ತಿರುಗಿ ಕೂತ್ಕ, ಗುಡ್ಡ ಕಾಣ್ತದೆ” ಎಂದಳು. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ ಎಂದೆ. ಮಂಡಿಗೆ ಮಂಡಿ ಬಡಿಯುತ್ತಿತ್ತು, ಹುಟ್ಟು ಎತ್ತಿದಾಗಲೆಲ್ಲ ನನ್ನ ಮಡಿಲಿಗೆ ನೀರು. ಅವಳಿಗೆ ನಗು ಬಂತು. ನಗುತ್ತಿದ್ದ ಮುಖವೇ ಸೊಟ್ಟಗಾಯಿತು. ಇಷ್ಟು ಹತ್ತಿರ ಕೂತವಳಿಂದ ಎಲ್ಲಿ ಬಚ್ಚಿಡುತ್ತಾಳೆ?

“ಮದುವೆ ಆದ್ಮೇಲೆ ಇದೆಲ್ಲ ಬಿಡ್ತೀಯಲ್ಲ ಅಂದ ಅವ್ನು, ಅಜ್ಜಿ. ಕೇಳಿದ್ದಲ್ಲ, ಹೇಳಿದ್ದು.”

“ಹಂಗಾದ್ರೆ ಬ್ಯಾಡ ಬಿಡು.”

“ಆದ್ರೆ ಅವ್ನು ನಂಗೆ ಇಷ್ಟ ಆಗಿದ್ದ.”

ತಬ್ಬಿಕೊಳ್ಳೋಣವೆಂದರೆ ದೋಣಿ ಮಗುಚುತ್ತದೆ. ಅವಳ ಮಂಡಿ ಹಿಡಿದು ಕೂತೆ. ನೀರೊಳಗೆ ಸತ್ತು ನಿಂತ ಮರಗಳ ನಡುವೆ ಅವಳು ಅತ್ತು ಮುಗಿಸಿದಳು, ಮೂಗು ಒರೆಸಿಕೊಂಡಳು, ಮತ್ತೆ ಹುಟ್ಟು ಹಾಕಿದಳು.

ಮನೆಗೆ ಬಂದು ಸೊಸೆಗೆ, ಆ ಹುಡುಗ ನನಗೆ ಹಿಡಿಸಲಿಲ್ಲ, ಅವಳು ಒಪ್ಪುವ ಹಾಗಿದ್ದರೂ ನಾನೇ ಬೇಡ ಅನ್ನಿಸಿದೆ ಎಂದೆ. ನನ್ನ ಹಟ ಎಲ್ಲರಿಗೂ ಗೊತ್ತಿದ್ದದ್ದೇ, ನಯನಳ ತಂಟೆಗೆ ಆಮೇಲೆ ಯಾರೂ ಹೋಗಲಿಲ್ಲ. ಮೊಮ್ಮಗಳ ಮದುವೆ ಕೆಡಿಸಿದ ಮುದುಕಿ ಎಂದು ಈಗ ನನಗೆ ಕಾಫಿ ತಣ್ಣಗೆ ಬರುತ್ತದೆ. ಬರುವ ಭಾನುವಾರ ಅವಳ ದೋಣಿ ಮಾಸ್ತಿಕಟ್ಟೆ ಕಡೆಗಂತೆ. ನಾನೂ ಹೊರಟಿದ್ದೇನೆ. ನೀರಿನ ಭಯ ಹೋಗಿಲ್ಲ, ಕಾರಿನಲ್ಲಿ ವಾಂತಿಯೂ ತಪ್ಪುವುದಿಲ್ಲ. ಆದರೂ ಇಡೀ ದಿನ ಸೊಸೆಯ ಎದುರು ಕೂರುವುದಕ್ಕಿಂತ ಅದೇ ವಾಸಿ.